ಕೊಲ್ಲಬಲ್ಲ ಕಿಣ್ವ, ತಲುಪಲಾರದ ಕಿಣ್ವ

ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಅಡ್ಡಳತೆ ಹೆಚ್ಚುಕಡಿಮೆ ಒಂದು ಮೈಕ್ರೊಮೀಟರ್, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಇಷ್ಟು ಚಿಕ್ಕ ಗುಂಡಿನೊಳಗೆ ಸುಮಾರು 20 ವಾತಾವರಣದಷ್ಟು ಒತ್ತಡ ಮಡುಗಟ್ಟಿರುತ್ತದೆ. ಕಾರಿನ ಟಯರಿಗೆ ನಾವು ತುಂಬಿಸುವ ಗಾಳಿಯ ಒತ್ತಡ ಎರಡು ಚಿಲ್ಲರೆ. ಇದು ಅದರ ಎಂಟು ಹತ್ತು ಪಟ್ಟು. ಕೋಶದೊಳಗೆ ಲವಣ, ಸಕ್ಕರೆ, ಅಮೈನೊ ಆಮ್ಲಗಳು ದಟ್ಟವಾಗಿ ಕರಗಿರುವುದರಿಂದ ಹೊರಗಿನ ನೀರು ಸದಾ ಒಳನುಗ್ಗಲು ಹವಣಿಸುತ್ತಿರುತ್ತದೆ. ಆದರೂ ಬ್ಯಾಕ್ಟೀರಿಯಾ ಸಿಡಿಯುವುದಿಲ್ಲ. ಅದರ ಮೈಸುತ್ತ ಕೆಲವು ಹತ್ತು ನ್ಯಾನೊಮೀಟರ್ ದಪ್ಪದ ಕೋಶಭಿತ್ತಿಯೊಂದಿದೆ. ಆ ಗೋಡೆಯಲ್ಲಿ ಒಂದೆಡೆ ತೂತು ಬಿದ್ದರೆ ಸಾಕು, ಉಳಿದ ಕೆಲಸವನ್ನು ಒಳಗಿನ ಒತ್ತಡವೇ ಮಾಡಿ ಮುಗಿಸುತ್ತದೆ.

ಪೆಪ್ಟಿಡೊಗ್ಲೈಕನ್ ಎಂಬ ಈ ಗೋಡೆಯ ರಚನೆ ಸರಳ. ಎರಡು ಬಗೆಯ ಸಕ್ಕರೆ ಅಣುಗಳು ಒಂದು ಬಿಟ್ಟು ಒಂದು ಸೇರಿ ಉದ್ದನೆಯ ಸರಗಳಾಗುತ್ತವೆ. ಸರದಿಂದ ಸರಕ್ಕೆ ಅಮೈನೊ ಆಮ್ಲಗಳ ಪುಟ್ಟ ಸೇತುವೆಗಳು. ಹೀಗೆ ಹೆಣೆದುಕೊಂಡು ಇಡೀ ಗೋಡೆ ಒಂದೇ ಒಂದು ದೈತ್ಯ ಅಣುವಾಗಿ ಬ್ಯಾಕ್ಟೀರಿಯಾವನ್ನು ಬಳಸಿ ನಿಲ್ಲುತ್ತದೆ. ನಮ್ಮ ಮೈಯ ಕೋಶಗಳಿಗೆ ಇಂಥ ಗೋಡೆಯೇ ಇಲ್ಲ. ಔಷಧ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಗುರಿ ಎಲ್ಲಿ ಸಿಕ್ಕೀತು?

ಪೆನಿಸಿಲಿನ್ ಹಿಡಿದದ್ದೂ ಇದೇ ಗುರಿಯನ್ನು. ಆದರೆ ಪೆನಿಸಿಲಿನ್ ಗೋಡೆಯನ್ನು ಮುಟ್ಟುವುದಿಲ್ಲ. ಸೇತುವೆ ಕಟ್ಟುವ ಪ್ರೊಟೀನುಗಳಿಗೆ ಅಂಟಿಕೊಂಡು ಅವುಗಳ ಕೈಕಟ್ಟುತ್ತದೆ. ಬೆಳೆಯುತ್ತಿರುವ ಬ್ಯಾಕ್ಟೀರಿಯಾಕ್ಕೆ ಹೊಸ ಗೋಡೆ ಸಾಲದೆ ಹೋಗಿ ಅದು ಒಡೆಯುತ್ತದೆ. ಬ್ಯಾಕ್ಟೀರಿಯಾ ಪ್ರತಿತಂತ್ರ ಕಂಡುಕೊಂಡದ್ದೂ ಇಲ್ಲಿಯೇ. ಪೆನಿಸಿಲಿನ್‌ಗೆ ಬಗ್ಗದ ಸ್ಟ್ಯಾಫ್‌ಗಾಗಿ 1959ರಲ್ಲಿ ಮೆಥಿಸಿಲಿನ್ ಬಂತು. 1961ರಲ್ಲಿಯೇ ಬ್ರಿಟನ್ನಿನಿಂದ ಅದಕ್ಕೂ ಬಗ್ಗದ ತಳಿಯ ವರದಿಯಾಯಿತು. ಆ ತಳಿ ಹೊಸದೊಂದು ಸೇತುವೆಗಾರ ಪ್ರೊಟೀನನ್ನು ಸಂಪಾದಿಸಿಕೊಂಡಿತ್ತು. ಮೆಥಿಸಿಲಿನ್ ಅದಕ್ಕೆ ಸರಿಯಾಗಿ ಅಂಟುವುದೇ ಇಲ್ಲ. ಎಂಆರ್‌ಎಸ್‌ಎ ಎಂದು ಆಸ್ಪತ್ರೆಗಳು ಹೆದರುವುದು ಇದಕ್ಕೇ. ಔಷಧ ನಿರೋಧಕ ಬ್ಯಾಕ್ಟೀರಿಯಾಗಳು 2019ರಲ್ಲಿ ನೇರವಾಗಿ 12.7 ಲಕ್ಷ ಜನರ ಸಾವಿಗೆ ಕಾರಣವಾದವೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಜಾಗತಿಕ ಅಂದಾಜು ಹೇಳುತ್ತದೆ.

ಕಟ್ಟುವವನನ್ನು ತಡೆಯುವ ಬದಲು ಕಟ್ಟಿದ ಗೋಡೆಯನ್ನೇ ಕತ್ತರಿಸಿದರೆ? ಆಗ ಬ್ಯಾಕ್ಟೀರಿಯಾ ಯಾವ ಹೊಸ ಸೇತುವೆಗಾರನನ್ನು ಇಟ್ಟುಕೊಂಡಿದೆ ಎಂಬುದು ಮುಖ್ಯವಾಗುವುದಿಲ್ಲ. ಅದು ಬೆಳೆಯುತ್ತಿದೆಯೋ ನಿದ್ರಿಸುತ್ತಿದೆಯೋ ಎಂಬುದೂ ಅಷ್ಟಾಗಿ ಮುಖ್ಯವಲ್ಲ. ಕತ್ತರಿಸುವ ಕೆಲಸಕ್ಕೆ ಬೇಕಾದದ್ದು ಕಿಣ್ವ. ಅಂಥ ಕಿಣ್ವ ಪೆನಿಸಿಲಿನ್‌ಗಿಂತ ಮೊದಲೇ ನಮ್ಮ ಕೈಗೆ ಸಿಕ್ಕಿತ್ತು, ಸಿಕ್ಕಿದ್ದೂ ಪೆನಿಸಿಲಿನ್ ಕಂಡುಹಿಡಿದ ಅದೇ ವ್ಯಕ್ತಿಗೆ.

1921ರಲ್ಲಿ ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ನೆಗಡಿ ಹತ್ತಿದ್ದಾಗ ತನ್ನದೇ ಮೂಗಿನ ಸಿಂಬಳವನ್ನು ತಟ್ಟೆಯಲ್ಲಿ ಕೃಷಿಗಿಟ್ಟ. ಅದರ ಸುತ್ತ ಹಳದಿ ಬಣ್ಣದ ಬ್ಯಾಕ್ಟೀರಿಯಾಗಳು ಕರಗಿಹೋಗಿದ್ದವು. ಕಣ್ಣೀರು, ಜೊಲ್ಲು, ಮೊಟ್ಟೆಯ ಬಿಳಿಭಾಗ ಎಲ್ಲದರಲ್ಲೂ ಅದೇ ಗುಣ ಕಂಡಿತು. ಕಣ್ಣೀರು ಬೇಕೆಂದು ಆತ ಸಹೋದ್ಯೋಗಿಗಳ ಕಣ್ಣಿಗೆ ನಿಂಬೆಸಿಪ್ಪೆ ಹಿಂಡುತ್ತಿದ್ದದ್ದು ಆ ಆಸ್ಪತ್ರೆಯಲ್ಲಿ ತಮಾಷೆಯ ವಿಷಯವಾಗಿತ್ತು. ಲೈಸೊಜೈಮ್ ಎಂದು ಹೆಸರಾದ ಆ ಕಿಣ್ವ ಸಕ್ಕರೆಯ ಸರವನ್ನೇ ಕತ್ತರಿಸುತ್ತದೆ. ಮೊಟ್ಟೆಯಲ್ಲಿ ಸಿಗುವ, 129 ಅಮೈನೊ ಆಮ್ಲಗಳ ಈ ಪುಟ್ಟ ಪ್ರೊಟೀನಿನ ಆಕಾರವನ್ನು 1965ರಲ್ಲಿ ಡೇವಿಡ್ ಫಿಲಿಪ್ಸ್ ತಂಡ ಎಕ್ಸ್-ರೇ ಬಳಸಿ ಬಿಡಿಸಿತು. ಅಷ್ಟು ಸೂಕ್ಷ್ಮವಾಗಿ ಮನುಷ್ಯರು ಕಂಡ ಮೊದಲ ಕಿಣ್ವ ಅದೇ.

ಫ್ಲೆಮಿಂಗ್‌ಗೆ ನಿರಾಸೆ ತಂದ ಸಂಗತಿಯೊಂದಿತ್ತು. ಲೈಸೊಜೈಮ್ ಕೊಲ್ಲುತ್ತಿದ್ದದ್ದು ಬಹುಪಾಲು ನಿರಪಾಯಕಾರಿ ಬ್ಯಾಕ್ಟೀರಿಯಾಗಳನ್ನು. ಯೋಚಿಸಿದರೆ ಇದು ಹಾಗೆಯೇ ಇರಬೇಕಾದದ್ದು. ಕಣ್ಣೀರಿಗೆ, ಜೊಲ್ಲಿಗೆ ಕರಗುವ ಬ್ಯಾಕ್ಟೀರಿಯಾ ನಮ್ಮ ಮೈಯಲ್ಲಿ ನೆಲೆಯೂರುವುದಾದರೂ ಹೇಗೆ? ರೋಗಕಾರಿ ಎನಿಸಿಕೊಂಡವು ಆ ಪರೀಕ್ಷೆಯನ್ನು ದಾಟಿ ಬಂದವು. ಸ್ಟ್ಯಾಫಿಲೊಕಾಕಸ್ ಆರಿಯಸ್ ತನ್ನ ಸರದ ಒಂದು ಸಕ್ಕರೆಗೆ ಅಸಿಟೈಲ್ ಗುಂಪೊಂದನ್ನು ಅಂಟಿಸಿಕೊಂಡು ಲೈಸೊಜೈಮಿನ ಹಿಡಿತಕ್ಕೆ ಸಿಗದಂತೆ ಮಾಡಿಕೊಳ್ಳುತ್ತದೆ. ಜರ್ಮನಿಯ ಟ್ಯೂಬಿಂಗನ್‌ನ ವಿಜ್ಞಾನಿಗಳು 2005ರಲ್ಲಿ ಇದನ್ನು ತೋರಿಸಿದರು. ಕಿಣ್ವಕ್ಕೆ ಪ್ರತಿರೋಧ ಹುಟ್ಟುವುದೇ ಇಲ್ಲ ಎಂದು ಕೆಲವು ಲೇಖನಗಳಲ್ಲಿ ಓದುವಾಗ ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು.

ಹಾಗಿದ್ದರೆ ಸ್ಟ್ಯಾಫ್‌ಗೆ ತಕ್ಕ ಕತ್ತರಿ ಯಾರ ಬಳಿ ಇದೆ? ಅದರ ದಾಯಾದಿಗಳ ಬಳಿ. 1964ರಲ್ಲಿ ಟೆಕ್ಸಾಸ್‌ನಲ್ಲಿ ಶಿಂಡ್ಲರ್ ಮತ್ತು ಶುಹಾರ್ಟ್ ಎಂಬಿಬ್ಬರು ಇನ್ನೊಂದು ಸ್ಟ್ಯಾಫಿಲೊಕಾಕಸ್‌ನಿಂದ ಲೈಸೊಸ್ಟಾಫಿನ್ ಎಂಬ ಕಿಣ್ವವನ್ನು ಬೇರ್ಪಡಿಸಿದರು. ಆರಿಯಸ್‌ನ ಸೇತುವೆ ಐದು ಗ್ಲೈಸೀನ್ ಅಣುಗಳ ಸಾಲು. ಲೈಸೊಸ್ಟಾಫಿನ್ ಅದರ ನಡುವೆಯೇ ಕತ್ತರಿಸುತ್ತದೆ. ಕಿಣ್ವ ತಯಾರಿಸುವ ದಾಯಾದಿ ಮಾತ್ರ ತನ್ನ ಸೇತುವೆಯಲ್ಲಿ ಗ್ಲೈಸೀನ್ ಜಾಗಕ್ಕೆ ಅಲ್ಲಲ್ಲಿ ಸೆರೀನ್ ಸೇರಿಸಿಕೊಂಡು ತಾನು ಬಚಾವಾಗುತ್ತದೆ.

ಈ ಕಿಣ್ವದ ಕತೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಬೇರೆ. ಲೈಸೊಸ್ಟಾಫಿನ್‌ಗೂ ಬಗ್ಗದ ಎಂಆರ್‌ಎಸ್‌ಎ ಪ್ರಯೋಗಾಲಯದಲ್ಲಿ ಹುಟ್ಟುತ್ತದೆ. ಫೆಮ್-ಎ ಎಂಬ ಜೀನ್ ಕೆಟ್ಟಾಗ ಐದು ಗ್ಲೈಸೀನ್‌ಗಳ ಸೇತುವೆ ಒಂದಕ್ಕೆ ಇಳಿದುಬಿಡುತ್ತದೆ, ಕತ್ತರಿಸಲು ಜಾಗವೇ ಉಳಿಯುವುದಿಲ್ಲ. ಆದರೆ ಅಷ್ಟು ಮೋಟು ಸೇತುವೆಯನ್ನು ಜೋಡಿಸಲು ಮೆಥಿಸಿಲಿನ್‌ನಿಂದ ಪಾರುಮಾಡುತ್ತಿದ್ದ ಆ ಹೊಸ ಸೇತುವೆಗಾರನಿಗೆ ಬರುವುದಿಲ್ಲ. ಪರಿಣಾಮ: ಕಿಣ್ವದಿಂದ ತಪ್ಪಿಸಿಕೊಂಡ ತಳಿ ಹಳೆಯ, ಅಗ್ಗದ, ಪೆನಿಸಿಲಿನ್ ಕುಲದ ಔಷಧಗಳಿಗೆ ಮತ್ತೆ ಸುಲಭದ ತುತ್ತು. ಎರಡನ್ನೂ ಒಟ್ಟಿಗೆ ಕೊಟ್ಟರೆ ಬ್ಯಾಕ್ಟೀರಿಯಾ ಅತ್ತ ಹೋದರೆ ಹುಲಿ, ಇತ್ತ ಬಂದರೆ ದರಿ ಎಂಬಂತೆ ಸಿಕ್ಕಿಬೀಳುತ್ತದೆ.

ಕತ್ತರಿಗಳ ಇನ್ನೂ ದೊಡ್ಡ ಖಜಾನೆ ಇರುವುದು ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್‌ಗಳಲ್ಲಿ, ಅಂದರೆ ಫೇಜ್‌ಗಳಲ್ಲಿ. ಬ್ಯಾಕ್ಟೀರಿಯಾದೊಳಗೆ ಹೊಕ್ಕು ಮರಿಗಳನ್ನು ಮಾಡಿದ ಮೇಲೆ ಹೊರಬರಲು ಫೇಜ್ ಒಳಗಿನಿಂದಲೇ ಗೋಡೆ ಒಡೆಯಬೇಕು. ಅದಕ್ಕೆ ಬಳಸುವ ಕಿಣ್ವ ಎಂಡೊಲೈಸಿನ್. ಅದನ್ನು ಹೊರಗಿನಿಂದ ಸುರಿದರೆ ಏನಾದೀತು ಎಂದು ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾಲಯದ ವಿನ್ಸೆಂಟ್ ಫಿಶೆಟ್ಟಿ ಯೋಚಿಸಿದರು. 2001ರಲ್ಲಿ ಅವರ ತಂಡ ಪ್ರಕಟಿಸಿದ ಫಲಿತಾಂಶ ಇಂದಿಗೂ ಬೆರಗು ಹುಟ್ಟಿಸುತ್ತದೆ: ಹತ್ತು ನ್ಯಾನೊಗ್ರಾಂ ಕಿಣ್ವ, ಸುಮಾರು ಒಂದು ಕೋಟಿ ಸ್ಟ್ರೆಪ್ಟೊಕಾಕಸ್, ಐದು ಸೆಕೆಂಡು. ಒಂದೂ ಉಳಿಯಲಿಲ್ಲ.

ಇಷ್ಟೆಲ್ಲ ಇದ್ದೂ ಮೆಡಿಕಲ್ ಅಂಗಡಿಗೆ ಹೋಗಿ ಎಂಡೊಲೈಸಿನ್ ಕೊಡಿ ಎಂದರೆ ಯಾಕೆ ಸಿಗುವುದಿಲ್ಲ? ತಟ್ಟೆಯಲ್ಲಿ ಐದು ಸೆಕೆಂಡಿನಲ್ಲಿ ಆಗುವುದು ದೇಹದಲ್ಲಿ ಆಗುವುದಿಲ್ಲ, ಅದಕ್ಕೆ. ಪೆನಿಸಿಲಿನ್ ಅಣುವಿನ ತೂಕ 334 ಡಾಲ್ಟನ್, ಲೈಸೊಸ್ಟಾಫಿನ್‌ನದು ಸುಮಾರು 27,000. ಇಷ್ಟು ದೊಡ್ಡ, ಸೂಕ್ಷ್ಮವಾಗಿ ಮಡಚಿಕೊಂಡ ಪ್ರೊಟೀನನ್ನು ನುಂಗಿದರೆ ಹೊಟ್ಟೆ ಜೀರ್ಣಿಸಿಬಿಡುತ್ತದೆ. ರಕ್ತಕ್ಕೆ ಚುಚ್ಚಿದರೆ ಅಲ್ಲಿಯ ಪ್ರೊಟೀನು ಕತ್ತರಿಸುವ ಕಿಣ್ವಗಳು ಕಾದಿರುತ್ತವೆ, ಮೂತ್ರಪಿಂಡ ಸೋಸಿ ಹೊರಹಾಕುತ್ತದೆ, ಎರಡನೇ ಸಲ ಕೊಡುವಷ್ಟರಲ್ಲಿ ಪ್ರತಿಕಾಯಗಳು ತಯಾರಾಗಿರಬಹುದು. ಲೈಸೊಜೈಮಿನಂಥವುಗಳ ಮೈತುಂಬ ಧನವಿದ್ಯುದಾವೇಶ ಇರುವುದರಿಂದ ದಾರಿಯಲ್ಲಿ ಸಿಕ್ಕ ಋಣಾವೇಶದ ಮೇಲ್ಮೈಗೆಲ್ಲ ಅಂಟಿಕೊಳ್ಳುತ್ತವೆ. ಕೊಲ್ಲುವ ವಿದ್ಯೆ ನೂರು ವರ್ಷ ಹಳೆಯದು; ನಮಗೆ ಬಾರದಿರುವುದು ತಲುಪಿಸುವ ವಿದ್ಯೆ. ನ್ಯಾನೊವಾಹಕಗಳ ಪ್ರಸ್ತಾಪ ಬರುವುದು ಇಲ್ಲಿ.

ವಾಹಕ ಎಂದರೆ ನೂರಿನ್ನೂರು ನ್ಯಾನೊಮೀಟರ್ ಗಾತ್ರದ ಒಂದು ಕಣ. ಸ್ಟ್ಯಾಫ್‌ನ ಐದನೆಯ ಅಥವಾ ಹತ್ತನೆಯ ಒಂದು ಪಾಲು. ಅತ್ಯಂತ ಹಳೆಯದು ಲೈಪೊಸೋಮ್, ಕೊಬ್ಬಿನ ಪೊರೆಯ ಪೊಳ್ಳು ಗುಳ್ಳೆ. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಇದನ್ನು ಪರಿಚಯಿಸಿದರು. ಕರ್ನಾಟಕದ ಎಷ್ಟೋ ಕುಟುಂಬಗಳಿಗೆ ಇದು ತಿಳಿಯದೆಯೇ ಪರಿಚಯವಾಗಿದೆ. 2021ರ ಕೋವಿಡ್ ಎರಡನೇ ಅಲೆಯ ಬೆನ್ನಿಗೆ ಕಪ್ಪು ಶಿಲೀಂಧ್ರ ರೋಗ ಬಂದಾಗ ಜನ ಊರೂರು ಅಲೆದು ಹುಡುಕಿದ್ದು ಲೈಪೊಸೋಮಲ್ ಆಂಫೊಟೆರಿಸಿನ್ ಇಂಜೆಕ್ಷನ್. ಮೂತ್ರಪಿಂಡಕ್ಕೆ ಭಾರಿ ಪೆಟ್ಟು ಕೊಡುವ ಆಂಫೊಟೆರಿಸಿನ್ನನ್ನು ಕೊಬ್ಬಿನ ಗುಳ್ಳೆಯೊಳಗೆ ಕೂರಿಸಿ ಪೆಟ್ಟನ್ನು ತಗ್ಗಿಸಿದ ಔಷಧವದು. ಅಂದರೆ ವಾಹಕ ಎಂಬುದು ಕನಸಲ್ಲ, ಆಸ್ಪತ್ರೆಯ ಫ್ರಿಜ್ಜಿನಲ್ಲಿರುವ ವಸ್ತು. ಆದರೆ ಅಂಥ ಪುಟ್ಟ ಅಣುವಿನ ಬದಲು ಅದರ ಮೂವತ್ತು ಪಟ್ಟು ತೂಕದ ಕಿಣ್ವವನ್ನು ಅದೇ ಗುಳ್ಳೆಯಲ್ಲಿ ಕೂರಿಸುವುದು ಬೇರೆ ಮಾತು. ವಾಹಕ ತಯಾರಿಸುವಾಗ ಬಳಸುವ ಸಾವಯವ ದ್ರಾವಕ, ಅಲ್ಟ್ರಾಸೌಂಡಿನ ಕುಲುಕಾಟ, ಶಾಖ ಇವೆಲ್ಲ ಪ್ರೊಟೀನಿನ ಮಡಿಕೆ ಬಿಚ್ಚಿಸುತ್ತವೆ. ಮಡಿಕೆ ಬಿಚ್ಚಿದ ಕಿಣ್ವ ಬರೀ ಪ್ರೊಟೀನು.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಕಿಣ್ವ ಕೆಲಸ ಮಾಡಬೇಕಾದರೆ ತಾನು ಕತ್ತರಿಸುವ ವಸ್ತುವನ್ನು ಮುಟ್ಟಬೇಕು. ಕೋಶಭಿತ್ತಿ ಬ್ಯಾಕ್ಟೀರಿಯಾದಷ್ಟೇ ದೊಡ್ಡ ಅಣು, ಅದು ವಾಹಕದ ರಂಧ್ರದೊಳಗೆ ಬಂದು ಕತ್ತರಿಸಿಕೊಳ್ಳುವುದಿಲ್ಲ. ಆದ್ದರಿಂದ ಗೋಡೆ ಕತ್ತರಿಸುವ ಕಿಣ್ವವನ್ನು ಭದ್ರವಾಗಿ ಬಚ್ಚಿಟ್ಟಷ್ಟೂ ಅದು ನಿರುಪಯೋಗಿ. ಒಂದೋ ಕಣದ ಹೊರಮೈಗೆ ಅದನ್ನು ಪೋಣಿಸಬೇಕು, ಆಗ ರಕ್ಷಣೆ ಕಡಿಮೆ. ಇಲ್ಲವೇ ಒಳಗಿಟ್ಟು ಸರಿಯಾದ ಜಾಗದಲ್ಲಿ ಬಿಡುಗಡೆ ಮಾಡಬೇಕು, ಆಗ ಬೀಗದ ಕೈ ಯಾರ ಬಳಿ ಎಂಬ ಪ್ರಶ್ನೆ.

ಬೀಗದ ಕೈಯನ್ನು ಬ್ಯಾಕ್ಟೀರಿಯಾಕ್ಕೇ ಕೊಟ್ಟುಬಿಡುವ ಉಪಾಯ ಈ ಕ್ಷೇತ್ರದ ಅತ್ಯಂತ ಚುರುಕಾದ ಆಲೋಚನೆ. ಸ್ಯಾನ್ ಡಿಯಾಗೊದಲ್ಲಿ ಲಿಯಾಂಗ್‌ಫಾಂಗ್ ಜಾಂಗ್ ಅವರ ತಂಡ 2011ರಲ್ಲಿ ಲೈಪೊಸೋಮ್‌ನ ಹೊರಮೈಗೆ ಚಿನ್ನದ ಅತಿಸಣ್ಣ ಕಣಗಳನ್ನು ಅಂಟಿಸಿತು. ಗುಳ್ಳೆಗಳು ಒಂದಕ್ಕೊಂದು ಸೇರಿಹೋಗದಂತೆ ಆ ಕಣಗಳು ಕಾಯುತ್ತವೆ. ಸ್ಟ್ಯಾಫ್ ಹೊರಬಿಡುವ ವಿಷ ನಮ್ಮ ಕೋಶಗಳ ಪೊರೆಯಲ್ಲಿ ತೂತು ಕೊರೆಯುವಂಥದ್ದು. ಅದೇ ವಿಷದಿಂದ ಗುಳ್ಳೆಯ ಪೊರೆಯಲ್ಲೂ ತೂತು ಕೊರೆದು ಬ್ಯಾಕ್ಟೀರಿಯಾ ಒಳಗಿನ ಔಷಧವನ್ನು ತನ್ನ ಮೇಲೆಯೇ ಸುರಿದುಕೊಳ್ಳುತ್ತದೆ. ಆ ಪ್ರಯೋಗದಲ್ಲಿ ತುಂಬಿದ್ದು ವ್ಯಾಂಕೊಮೈಸಿನ್ ಎಂಬ ಆಂಟಿಬಯಾಟಿಕ್, ಕಿಣ್ವವಲ್ಲ. ವಿಷದ ರಂಧ್ರದಲ್ಲಿ ವ್ಯಾಂಕೊಮೈಸಿನ್ ತೂರೀತು, ಲೈಸೊಸ್ಟಾಫಿನ್ ತೂರುವುದು ಕಷ್ಟ. ಕಿಣ್ವಕ್ಕೆ ಹೊಂದುವ ಬೀಗಗಳು ಬೇರೆ ಇವೆ: ಸ್ಟ್ಯಾಫ್ ತನ್ನ ಹರಡುವಿಕೆಗಾಗಿ ನಮ್ಮ ಕೋಶಗಳ ನಡುವಿನ ಹಯಲುರಾನಿಕ್ ಆಮ್ಲವನ್ನು ಕರಗಿಸುತ್ತದೆ, ಆದ್ದರಿಂದ ವಾಹಕಕ್ಕೆ ಆ ಆಮ್ಲದ್ದೇ ಹೊದಿಕೆ ಹಾಕಿದರೆ ಇಡೀ ಹೊದಿಕೆಯನ್ನು ಅದೇ ಕಿತ್ತುಹಾಕುತ್ತದೆ.

ಬೀಗವೇ ಬೇಡದ ಕಿಣ್ವಗಳೂ ಇವೆ. ಗ್ಲುಕೋಸ್ ಆಕ್ಸಿಡೇಸ್‌ಗೆ ಬೇಕಾದದ್ದು ಗ್ಲುಕೋಸು ಮತ್ತು ಆಮ್ಲಜನಕ, ಕೊಡುವುದು ಗ್ಲುಕಾನಿಕ್ ಆಮ್ಲ ಮತ್ತು ಹೈಡ್ರೊಜನ್ ಪೆರಾಕ್ಸೈಡ್. ನಾಲ್ಕೂ ಚಿಕ್ಕ ಅಣುಗಳು, ವಾಹಕದ ರಂಧ್ರಗಳಲ್ಲಿ ಸಲೀಸಾಗಿ ಓಡಾಡುತ್ತವೆ. ಕಿಣ್ವ ಒಳಗೇ ಕುಳಿತು ಪೆರಾಕ್ಸೈಡನ್ನು ಹೊರಗೆ ಕಳಿಸುತ್ತದೆ. ಜೇನುತುಪ್ಪ ಗಾಯಕ್ಕೆ ಮದ್ದಾಗುವುದರಲ್ಲಿ ಈ ಕಿಣ್ವದ ಪಾಲು ದೊಡ್ಡದು. 1940ರ ದಶಕದಲ್ಲಿ ಪೆನಿಸಿಲಿನ್ ಕೊಡುವ ಅದೇ ಬೂಷ್ಟಿನಿಂದ ಇನ್ನೊಂದು ಬ್ಯಾಕ್ಟೀರಿಯಾನಾಶಕ ಸಿಕ್ಕಿದೆ ಎಂದು ಬೇರೆಬೇರೆ ಪ್ರಯೋಗಾಲಯಗಳು ನೊಟಾಟಿನ್, ಪೆನಾಟಿನ್, ಪೆನಿಸಿಲಿನ್-ಬಿ ಎಂದು ಮೂರು ಹೆಸರಿಟ್ಟು ಸಂಭ್ರಮಿಸಿದ್ದವು. ಮೂರೂ ಒಂದೇ, ಗ್ಲುಕೋಸ್ ಆಕ್ಸಿಡೇಸ್! ಈಗ ಅದನ್ನು ಐರನ್ ಆಕ್ಸೈಡ್ ಕಣಗಳ ಜೊತೆ ಸೇರಿಸುತ್ತಾರೆ. ಕಿಣ್ವ ಮಾಡಿದ ಪೆರಾಕ್ಸೈಡನ್ನು ಕಬ್ಬಿಣ ಇನ್ನೂ ಉಗ್ರವಾದ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಆಗಿಸುತ್ತದೆ, ಕಿಣ್ವ ಮಾಡಿದ ಆಮ್ಲ ಕಬ್ಬಿಣದ ಕೆಲಸಕ್ಕೆ ಅನುಕೂಲ ಒದಗಿಸುತ್ತದೆ. ಸಕ್ಕರೆ ಕಾಯಿಲೆಯವರ ಮಾಯದ ಹುಣ್ಣಿನಲ್ಲಿ ಗ್ಲುಕೋಸಿಗೇನೂ ಬರವಿಲ್ಲವಲ್ಲ. ಆದರೆ ಪೆರಾಕ್ಸೈಡ್‌ಗೆ ತನ್ನವರು ಪರರು ಎಂಬ ಭೇದ ಗೊತ್ತಿಲ್ಲ, ಗಾಯ ಮಾಯಿಸಲು ಬಂದ ನಮ್ಮ ಕೋಶಗಳನ್ನೂ ಸುಡುತ್ತದೆ. ರಕ್ತದೊಳಗೆ ಇದನ್ನು ಬಿಡುವ ಮಾತು ನನಗಂತೂ ಹಿಡಿಸುವುದಿಲ್ಲ.

ಕಿಣ್ವವನ್ನೇ ಕೈಬಿಟ್ಟು ಕಿಣ್ವದಂತೆ ವರ್ತಿಸುವ ಕಣವನ್ನು ಬಳಸಿದರೆ ಮಡಿಕೆ ಬಿಚ್ಚುವ ಚಿಂತೆಯೇ ಇಲ್ಲ. ನ್ಯಾನೊಜೈಮ್ ಎನ್ನುವ ಈ ಬಗೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗೋವಿಂದಸ್ವಾಮಿ ಮುಗೇಶ್ ಅವರ ತಂಡ ಹೆಸರು ಮಾಡಿದೆ. ಅವರ ಸೀರಿಯಂ ಆಕ್ಸೈಡ್ ಕಣಗಳು ಬ್ಯಾಕ್ಟೀರಿಯಾದ ಪೊರೆಯ ಫಾಸ್ಫೊಲಿಪಿಡ್‌ಗಳನ್ನೇ ಒಡೆಯುತ್ತವೆ.

ತಲುಪಬೇಕಾದ ಜಾಗಗಳಲ್ಲಿ ಅತಿ ಕಷ್ಟದ್ದು ಬಯೊಫಿಲ್ಮ್. ಕ್ಯಾತಿಟರ್, ಕೃತಕ ಕೀಲು, ಹೃದಯದ ಕವಾಟ, ಹಳೆಯ ಹುಣ್ಣು ಇಂಥಲ್ಲೆಲ್ಲ ಬ್ಯಾಕ್ಟೀರಿಯಾಗಳು ಸಕ್ಕರೆ, ಪ್ರೊಟೀನು, ಡಿಎನ್‌ಎ ಬೆರೆತ ಲೋಳೆಯನ್ನು ಸುರಿಸಿಕೊಂಡು ಅದರೊಳಗೆ ಹುದುಗಿರುತ್ತವೆ. ಆಂಟಿಬಯಾಟಿಕ್ ಅಲ್ಲಿಗೆ ಹೋದರೂ ಒಳಗಿನವು ಬೆಳೆಯದೆ ಸುಮ್ಮನಿರುವುದರಿಂದ ಸಾಯುವುದಿಲ್ಲ. ಲೋಳೆಯ ಡಿಎನ್‌ಎ ಬರೀ ಸತ್ತವರ ಕಸವಲ್ಲ, ಆಧಾರವೇ ಅದು ಎಂದು 2002ರಲ್ಲಿ ಗೊತ್ತಾಯಿತು. ಹಾಗಾಗಿ ಒಂದೇ ವಾಹಕದಲ್ಲಿ ಲೋಳೆ ಕರಗಿಸುವ ಡಿಎನ್‌ಏಸ್ ಮತ್ತು ಗೋಡೆ ಒಡೆಯುವ ಕಿಣ್ವ ಎರಡನ್ನೂ ತುಂಬುವ ಪ್ರಯತ್ನಗಳು ನಡೆದಿವೆ. ಎರಡೂ ಬೇಕು, ಒಂದು ಸಾಲದು. ಗಾಯದ ಬಯೊಫಿಲ್ಮನ್ನು ಬರೀ ಕರಗಿಸಿ ಬಿಟ್ಟಾಗ ಬಿಡುಗಡೆಯಾದ ಬ್ಯಾಕ್ಟೀರಿಯಾ ರಕ್ತಕ್ಕೆ ಹರಡಿ ಇಲಿಗಳಿಗೆ ನಂಜೇರಿದ್ದನ್ನು ಟೆಕ್ಸಾಸ್‌ನ ಸಂಶೋಧಕರು 2018ರಲ್ಲಿ ವರದಿ ಮಾಡಿದರು.

ನಮ್ಮದೇ ಕೋಶದೊಳಗೆ ಅಡಗಿದ ಸ್ಟ್ಯಾಫ್ ಇನ್ನೊಂದು ಸಮಸ್ಯೆ. ರಕ್ತಕ್ಕೆ ಬಿಟ್ಟ ನ್ಯಾನೊಕಣಗಳನ್ನು ಯಕೃತ್ತು, ಗುಲ್ಮಗಳ ಕಾವಲು ಕೋಶಗಳಾದ ಮ್ಯಾಕ್ರೊಫೇಜ್‌ಗಳು ನುಂಗಿಹಾಕುತ್ತವೆ ಎಂದು ಕ್ಯಾನ್ಸರ್ ಔಷಧ ಮಾಡುವವರು ತಲೆ ಚಚ್ಚಿಕೊಳ್ಳುತ್ತಾರೆ. ಸ್ಟ್ಯಾಫ್ ಅಡಗುವುದೂ ಅದೇ ಮ್ಯಾಕ್ರೊಫೇಜ್‌ಗಳಲ್ಲಿ. ಅವರ ಗೋಳು ಇಲ್ಲಿ ವರ. ಪೂರ್ತಿ ವರವೂ ಅಲ್ಲ: ನುಂಗಿದ್ದು ಹೋಗಿ ಸೇರುವ ಚೀಲ ಆಮ್ಲೀಯ, ಲೈಸೊಸ್ಟಾಫಿನ್ ಚೆನ್ನಾಗಿ ಕೆಲಸ ಮಾಡುವುದು ತುಸು ಕ್ಷಾರೀಯ ಪರಿಸರದಲ್ಲಿ.

ಈವರೆಗೆ ಹೇಳಿದ್ದೆಲ್ಲ ಹೆಚ್ಚಾಗಿ ಸ್ಟ್ಯಾಫ್‌ನಂಥ ಗ್ರಾಂ-ಪಾಸಿಟಿವ್‌ಗಳ ವಿಷಯ. ನಮ್ಮ ಐಸಿಯುಗಳನ್ನು ಹೆಚ್ಚು ಕಾಡುವ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ಗಳು ಗ್ರಾಂ-ನೆಗೆಟಿವ್. ಅವುಗಳ ಗೋಡೆ ತೆಳು, ಆದರೆ ಅದರ ಹೊರಗೆ ಇನ್ನೊಂದು ಪೊರೆಯಿದೆ, ಕಿಣ್ವ ಅದನ್ನು ದಾಟದು. ಬೆಲ್ಜಿಯಂನ ಲುವೆನ್‌ನಲ್ಲಿ ಎಂಡೊಲೈಸಿನ್‌ಗೆ ಧನಾವೇಶದ ಬಾಲವೊಂದನ್ನು ಜೋಡಿಸಿ ಪೊರೆ ಕದಡುವ 'ಆರ್ಟಿಲೈಸಿನ್' ಮಾಡಿದರು. ಸೀಗಡಿ ಸಿಪ್ಪೆಯಿಂದ ತೆಗೆಯುವ ಕೈಟೊಸಾನ್ ವಾಹಕಗಳಿಗೆ ಆ ಧನಾವೇಶ ಹುಟ್ಟಿನಿಂದಲೇ ಇದೆ. ಇಲ್ಲಿ ವಾಹಕ ಬರೀ ಹೊರೆ ಹೊರುವುದಲ್ಲ, ಬಾಗಿಲನ್ನೂ ತಾನೇ ತೆಗೆಯಬೇಕು.

ಮನುಷ್ಯರ ಮೇಲಿನ ಪರೀಕ್ಷೆಗಳಿಗೆ ಬಂದರೆ ಹೇಳುವುದು ಕಡಿಮೆ. ವಾಹಕವಿಲ್ಲದ ಬರಿಯ ಕಿಣ್ವ ಎಕ್ಸೆಬಕೇಸ್ ಅತಿ ಮುಂದೆ ಹೋದದ್ದು. ರಕ್ತಕ್ಕೆ ಸ್ಟ್ಯಾಫ್ ಸೇರಿದ ರೋಗಿಗಳಿಗೆ ಮಾಮೂಲಿ ಆಂಟಿಬಯಾಟಿಕ್ ಜೊತೆ ಒಂದೇ ಒಂದು ಡೋಸ್. ಎರಡನೇ ಹಂತದಲ್ಲಿ ಎಂಆರ್‌ಎಸ್‌ಎ ರೋಗಿಗಳ ಗುಂಪಿನಲ್ಲಿ ಒಳ್ಳೆಯ ಫಲಿತಾಂಶ ಕಂಡಿತು. ಮೂರನೇ ಹಂತವನ್ನು 2022ರಲ್ಲಿ, ಪ್ರಯೋಜನ ತೋರುವ ಸಂಭವವಿಲ್ಲವೆಂದು ನಡುವೆಯೇ ನಿಲ್ಲಿಸಲಾಯಿತು. ತಯಾರಿಸಿದ ಅಮೆರಿಕದ ಕಂಪನಿ ಮರುವರ್ಷ ದಿವಾಳಿ ಎದ್ದಿತು. ಬೆಂಗಳೂರಿನ ಗಂಗಾಜೆನ್, ಫೇಜ್‌ನ ಕತ್ತರಿ ಭಾಗಕ್ಕೆ ಲೈಸೊಸ್ಟಾಫಿನ್‌ನ ಅಂಟುವ ಭಾಗ ಜೋಡಿಸಿ ಪಿ128 ಎಂಬ ಪ್ರೊಟೀನು ರೂಪಿಸಿತು. ಅದನ್ನು ಮೊದಲು ಮನುಷ್ಯರ ಮೇಲೆ ಪರೀಕ್ಷಿಸಿದ್ದು ಮೂಗಿನೊಳಗೆ ಹಚ್ಚುವ ಜೆಲ್ ಆಗಿ, ಸಿಂಗಪುರದಲ್ಲಿ. ಮೂಗು ಆರಿಸಿಕೊಂಡದ್ದು ಜಾಣತನ: ಸ್ಟ್ಯಾಫ್ ಸದ್ದಿಲ್ಲದೆ ವಾಸಿಸುವ ಮನೆ ಅದು, ಮತ್ತು ಅಲ್ಲಿಗೆ ಬೆರಳೇ ಹೋಗುತ್ತದೆ.

ಕಿಣ್ವ ತುಂಬಿದ ವಾಹಕಗಳ ಪ್ರಬಂಧಗಳು ಇಂದು ರಾಶಿ ರಾಶಿ ಬರುತ್ತಿವೆ. ಬಹಳಷ್ಟರ ಕತೆ ಒಂದೇ: ಹೊಸ ಕಣ, ತಟ್ಟೆಯಲ್ಲಿ ಸಾವು, ಇಲಿಯ ಚರ್ಮದ ಗಾಯ, ಮುಕ್ತಾಯ. ಅವುಗಳಲ್ಲಿ ನನಗೆ ಭರವಸೆ ಮೂಡಿಸುವವು ರಕ್ತದ ಗೊಡವೆಗೆ ಹೋಗದವು. 2010ರಲ್ಲಿ ಅಮೆರಿಕದ ರೆನ್ಸಲಿಯರ್ ಸಂಸ್ಥೆಯಲ್ಲಿ ಜೊನಾಥನ್ ಡಾರ್ಡಿಕ್, ರವಿ ಕಾಣೆ ಮತ್ತು ಸಂಗಡಿಗರು ಲೈಸೊಸ್ಟಾಫಿನ್ ಪೋಣಿಸಿದ ಕಾರ್ಬನ್ ನಳಿಕೆಗಳನ್ನು ಗೋಡೆಯ ಬಣ್ಣಕ್ಕೆ ಬೆರೆಸಿದರು; ಆ ಬಣ್ಣ ಮುಟ್ಟಿದ ಎಂಆರ್‌ಎಸ್‌ಎ ಸತ್ತಿತು. 2018ರಲ್ಲಿ ಜಾರ್ಜಿಯಾ ಟೆಕ್‌ನ ಆಂಡ್ರೆಸ್ ಗಾರ್ಸಿಯಾ ತಂಡ ಇಲಿಯ ಮುರಿದ ಮೂಳೆಗೆ ಲೈಸೊಸ್ಟಾಫಿನ್ ತುಂಬಿದ ಹೈಡ್ರೊಜೆಲ್ ಇಟ್ಟಿತು. ಸೋಂಕು ಹೋಯಿತು, ಮೂಳೆಯೂ ಕೂಡಿತು.

ಇನ್ನೊಂದು ಅಂಥದೇ ಜಾಗ ಹಸುವಿನ ಕೆಚ್ಚಲು. ಕೆಚ್ಚಲು ಬಾವು ಎಂದರೆ ಏನೆಂದು ನಮ್ಮ ಹೈನುಗಾರರಿಗೆ ವಿವರಿಸಬೇಕಿಲ್ಲ, ಅದಕ್ಕೆ ಮುಖ್ಯ ಕಾರಣಗಳಲ್ಲಿ ಇದೇ ಆರಿಯಸ್ ಒಂದು. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಹಾಲಿನಲ್ಲೇ ಲೈಸೊಸ್ಟಾಫಿನ್ ಬರುವಂತೆ ಜೀನ್ ಸೇರಿಸಿದ ಜರ್ಸಿ ಹಸುಗಳನ್ನು 2005ರಲ್ಲಿ ತೋರಿಸಿದ್ದರು. ಅವು ಸೋಂಕಿಗೆ ಬಹುಮಟ್ಟಿಗೆ ಜಗ್ಗಲಿಲ್ಲ. ಜೀನ್ ಬದಲಿಸಿದ ಹಸುವಿನ ಹಾಲನ್ನು ಕೊಳ್ಳುವವರು ಯಾರು ಎಂಬುದು ಬೇರೆ ಪ್ರಶ್ನೆ. ಹಸುವನ್ನು ಹಾಗೇ ಬಿಟ್ಟು ಮೊಲೆತೊಟ್ಟಿನ ದಾರಿಯಲ್ಲಿ ಕಿಣ್ವ ತುಂಬಿದ ಕಣಗಳನ್ನು ಏರಿಸಬಹುದು. ಮೂತ್ರಪಿಂಡ ಸೋಸುವ ಭಯ ಅಲ್ಲಿಲ್ಲ, ಯಾವ ಬ್ಯಾಕ್ಟೀರಿಯಾ ಎಂದು ಹಾಲಿನ ಮಾದರಿಯೇ ಹೇಳುತ್ತದೆ, ಆರಿಯಸ್ ಕೆಚ್ಚಲಿನ ಕೋಶಗಳೊಳಗೆ ಅಡಗುವುದರಿಂದ ವಾಹಕಕ್ಕೆ ನಿಜವಾದ ಕೆಲಸವೂ ಇದೆ. ಆಂಟಿಬಯಾಟಿಕ್ ಹಾಕಿದರೆ ಕೆಲವು ದಿನ ಡೇರಿಗೆ ಹಾಲು ಹಾಕುವಂತಿಲ್ಲ. ಕಿಣ್ವವಾದರೆ ಆ ಲೆಕ್ಕ ಬೇರೆಯಾಗಬಹುದು. ಹಾಲಿನ ಪದಾರ್ಥಕ್ಕೆ ಇಂಥ ಕಿಣ್ವ ಹೊಸದೂ ಅಲ್ಲ: ಮೊಟ್ಟೆಯ ಲೈಸೊಜೈಮನ್ನು ಗಟ್ಟಿ ಚೀಸ್ ಕೆಡದಂತೆ ಯುರೋಪಿನವರು ಬಹುಕಾಲದಿಂದ ಬೆರೆಸುತ್ತಿದ್ದಾರೆ, ಪೊಟ್ಟಣದ ಮೇಲೆ ಇ-1105 ಎಂದು ಅಚ್ಚಾಗಿರುತ್ತದೆ.